ಏಳನೇ ಬಾಗಲಾ

ರಾತ್ರಿ ಹತ್ತಕ್ಕ ಅಂಗಡಿ ಶಟರ್ ಅರ್ಧಾ ಇಳಿಸತೀನಿ.
ಅಕ್ಕಲಕೋಟದ ಬಸ್‌ಸ್ಟ್ಯಾಂಡಿನಿಂದ
ಸೊಲ್ಲಾಪುರದ ಕಡೀ ಗಾಡಿ ಹೋದ ಮ್ಯಾಲ
ಝೆರಾಕ್ಸ್ ಮಷೀನು ಸುಮ್ಮನಾಗತದ.
ದಿನವಿಡೀ ಮಂದಿಯ ಆಧಾರ ಕಾರ್ಡು, ಸಾತಬಾರಾ, ಜಾತಿ ದಾಖಲಾ
ನುಂಗಿ ಉಗುಳಿದ ಬಾಯಿ, ಇನ್ನೂ ಬಿಸಿ ಇರತದ.
ಅದರ ಬೆನ್ನ ಮ್ಯಾಲನ ಲ್ಯಾಪ್‌ಟಾಪ್ ಇಡತೀನಿ.

ನಿಂಬೆವ್ವ ನಿಂತಾಳ.
ಏಳನೇ ಮನಿ ಬಾಗಲಾ ಮುಂದ,
ಕಂಕುಳಾಗ ಒಂದು ಮೊರ.
ಮೂರು ವರ್ಷ ಆತು.

ಆಟ ಇಷ್ಟ: ಒಬ್ಬಾಕಿ ಮುದುಕಿ
ಹುಟ್ಟಿದಾಗಿಂದ ಇಸಕೊಂಡ ಕೈಗಡ ಎಲ್ಲಾ
ಹನ್ನೊಂದು ಮನಿಗೆ ತಿರುಗಿಸಿ ಕೊಡಬೇಕು.
ಒಂದು ಸೇರು ಜ್ವಾಳ, ಒಂದು ಸೂಜಿ, ಬೀಸೋ ಕಲ್ಲಿನ ಗೂಟ,
ಒಂದು ಬೈಗಳ.
ಗುದ್ದಾಟ ಇಲ್ಲ, ಬಂದೂಕಿಲ್ಲ, ಗೆದ್ದರ ನಾಣ್ಯ ಇಲ್ಲ.
“ಯಾರು ಆಡತಾರ ಇದನ್ನ?” ಅಂದಳು ಅತ್ತಿಗಿ ರಾಚವ್ವ.
ಅಕಿ ಕೇಳಿದ್ದು ತಪ್ಪಲ್ಲ.
ನನ್ನ ಹತ್ತಿರ ಉತ್ತರಾನೂ ಇಲ್ಲ.

ಕನ್ನಡ ಬರದರ ಒತ್ತಕ್ಷರ ಒಡೀತದ.
“ಅವ್ವ” ಅಂತ ಬರದೆ,
ಪರದೆ ಮ್ಯಾಲ “ಅವ್‌ವ” ಅಂತ ಬಂತು.
ಕೆಳಗ ಇಳಿಯಬೇಕಾದ ವ ಪಕ್ಕದಾಗ ನಿಂತಿತ್ತು
ಮದಿವ್ಯಾಗ ಮುನಿಸಿಕೊಂಡ ಬೀಗರಂಗ.
ಹನ್ನೆರಡು ರಾತ್ರಿ ಬೇಕಾದವು ರಮಿಸಿ ಕೂಡಸಲಿಕ್ಕ.
ಕೂತ ದಿನ ನಾ ಒಬ್ಬಾಕಿನ ಚಪ್ಪಾಳಿ ಹೊಡದೆ;
ಹೊರಗ ನಾಯಿ ಬೊಗಳಿತು.

ಹುರುಪು ಅನ್ನೋದು ನಮ್ಮ ಓಣಿ ನಳದ ನೀರು,
ಐದು ದಿನಕ್ಕೊಮ್ಮೆ, ಅದೂ ನಡುರಾತ್ರಿ.
ಬರದ ದಿನ ಹೊಸ ಆಟದ ಆಸೆ ಬರತದ:
ಬಾವ್ಯಾಗಿನ ಆಮಿ, ಸೂತ್ರ ಹರಿದ ಗಾಳಿಪಟ, ಕಳ್ಳ ಬೆಕ್ಕು.
ಹೊಸಾದು ಯಾವಾಗಲೂ ಚೆಲುವಿ,
ಅದಕ ಇನ್ನೂ ಏಳನೇ ಬಾಗಲಾ ಇಲ್ಲ.
ಒಂಬತ್ತು ಫೋಲ್ಡರ್ ಅವ ಹಂಗ,
ತೊಟ್ಟಿಲದಾಗ ಹೆಸರಷ್ಟ ಮಲಗ್ಯಾವ.

ಅಪ್ಪ ಸೊಲ್ಲಾಪುರದಾಗ ಚಾದರದ ಕಾರ್ಖಾನಿಗೆ
ಕಾರ್ಡು ಹೊಡೀತಿದ್ದ.
ಚೌಕದ ಹಾಳಿ ಮ್ಯಾಲ ನವಿಲು, ಚೌಕಕ್ಕೊಂದು ತೂತು,
ಕಾರ್ಡಿಗೊಂದ ಎಳಿ.
ಸಂಜಿಕ ಏಳೋ ಮುಂದ
ಕೈಯಾಗಿಂದು ಮುಗಿಸತಿದ್ದಿಲ್ಲ;
ನಾಕು ತೂತು ಉಳಿಸಿ, ಮೊಳಿ ಅಲ್ಲೇ ಚುಚ್ಚಿಟ್ಟು ಬರತಿದ್ದ.
ಯಾಕಂತ ನಾ ಕೇಳಲಿಲ್ಲ.
ಕೇಳಿದ್ದರ, ಬಸ್ಸಿಗೆ ಹೊತ್ತಾತು ಅಂತಿದ್ದನೇನೋ.
ಮುಗಿದ ನವಿಲು ಒಂದ ಸಲ ನೋಡೀನಿ,
ಯಾರದೋ ಮದಿವಿ ಮನ್ಯಾಗ ಹಾಸಿದ್ದರು,
ಮಂದಿ ಅದರ ಮ್ಯಾಲ ಕೂತು ಎಲಿ ಅಡಿಕಿ ತಿಂತಿದ್ದರು.

ಹೋದ ಮಂಗಳವಾರ ಚಹಾದ ಹುಡುಗ ಗೈಬು
“ಕೊಡು ಅಕ್ಕಾ, ಆಡತೀನಿ” ಅಂದ.
ಬಾಗಲಾ ಕಡೆ ನೋಡಲೇ ಇಲ್ಲ.
ಅಂಗಳ ಖಾಲಿ ಕಾಣತದಂತ ಒಂದು ಕೋಳಿ ಬಿಟ್ಟಿದ್ದೆ,
ನಿಂಬೆವ್ವನ್ನ ಅದರ ಬೆನ್ನು ಹತ್ತಿಸಿದ.
ಇಪ್ಪತ್ತು ನಿಮಿಷ.
ಚಹಾ ಆರಿತು. ಮಾಲಕ ಎರಡು ಸಲ ಒದರಿದ.
“ಅಕ್ಕಾ, ಈ ಕೋಳಿ ಯಾರದು?
ಇದೂ ಕೈಗಡದ್ದೇನು?”

ಆ ರಾತ್ರಿ ನಾಕು ಮನಿ ಕೆಡವಿದೆ.
ಕೈ ನಡಗಿತು, ಖರೇ.
ಒಂದಕ್ಕ ಆರು ತಿಂಗಳ ಹಿಡದಿತ್ತು,
ತುಳಸಿ ಎಲಿ ಒಂದೊಂದೂ ನಾನ ಬಿಡಿಸಿದ್ದು.
ಈಗ ಏಳನೇದ ಕಡೀ ಮನಿ.
ಅಲ್ಲಿಗೆ ಮೊರ ಅಲ್ಲ, ಕೋಳಿ ಹಿಡಕೊಂಡು ಬರಬೇಕು.
ಅದು ಕೈಗೆ ಸಿಗಬೇಕಲ್ಲ.

ಬಾಗಲಾ ಇನ್ನೂ ತೆರದಿಲ್ಲ.
ಹನ್ನೆರಡಾತು. ಕೀಲಿ ತಿರುಗೋ ಸಾಲು ಅರ್ಧಾ ಬರದು
ಬೆರಳು ತೆಗೀತೀನಿ.
ಮುಂದಿಂದು ಗೊತ್ತದ; ಬೇಕಂತನ ಬರಿಯೋದಿಲ್ಲ.
ಮುಚ್ಚೋ ಮುಂದ ಒಂದೀಟು ನೋಡತೀನಿ:
ನಿಂಬೆವ್ವ ಈ ಕಾಲಿನಿಂದ ಆ ಕಾಲಿಗೆ ಭಾರ ಹಾಕತಾಳ,
ಸೆರಗು ಸರಿ ಮಾಡಕೋತಾಳ,
ನಾಕು ಚಿತ್ರದಾಗ ಒಂದು ಉಸಿರು.
ಹಿಂದ ಕೋಳಿ ನೆಲ ಕೆದರತದ,
ನಾ ಇನ್ನೂ ಚೆಲ್ಲದ ಕಾಳಿಗೆ.